ಕಲ್ಲು ನೋಡಲು ಹೋದವಳು



ಇಂಗ್ಲೆಂಡಿನಲ್ಲಿ ಓದುತ್ತಿದ್ದ ಒಂದು ವರ್ಷ ನಾನು ಪ್ರತಿ ಭಾನುವಾರ ಅವ್ವನಿಗೆ ಫೋನು ಮಾಡುತ್ತಿದ್ದೆ. ಅಲ್ಲಿ ಮಧ್ಯಾಹ್ನ, ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತು. ಉಂಡೆಯೋ ಇಲ್ಲವೋ, ಚಳಿ ಎಷ್ಟು, ಪರೀಕ್ಷೆ ಯಾವಾಗ ಎಂಬುದೆಲ್ಲ ಮುಗಿದ ಮೇಲೆ ಅವ್ವ ತಪ್ಪದೆ ಕೇಳುತ್ತಿದ್ದಳು, "ಈ ವಾರ ಎಲ್ಲಿ ಹೋಗಿದ್ದಿ?" 2019ರ ಮಾರ್ಚ್ ತಿಂಗಳ ಒಂದು ಭಾನುವಾರ ನಡೆದ ಮಾತು ನನಗೆ ಇನ್ನೂ ಹಾಗೇ ನೆನಪಿದೆ.

"ಕಲ್ಲ ನೋಡಾಕ ಹೋಗಿದ್ನೆವ್ವಾ."

"ಕಲ್ಲಾ? ಎಂಥಾ ಕಲ್ಲ?"

"ದೊಡ್ಡ ದೊಡ್ಡ ಕಲ್ಲ. ಗುಂಡಾಕ ನಿಲ್ಲಿಸ್ಯಾರ. ಮ್ಯಾಲ ಅಡ್ಡಗಲ್ಲ ಇಟ್ಟಾರ."

"ಯಾರ ನಿಲ್ಲಿಸ್ಯಾರ?"

"ಯಾರಿಗೂ ಗೊತ್ತಿಲ್ಲ."

"ಯಾವ ದೇವ್ರ ಗುಡಿ?"

"ಅದೂ ಗೊತ್ತಿಲ್ಲ."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ನನ್ನ ತವರಮನಿ ಗುಡ್ಡದಾಗ ಅಂಥಾವ ನೂರಾರು ಅದಾವಲ್ಲವಾ, ಮೋರೇರ ಮನಿ. ನೀ ನೋಡೇ ಇಲ್ಲೇನ?"

ನಾನು ನೋಡಿರಲಿಲ್ಲ. ಅವ್ವನ ತವರು ಗಂಗಾವತಿ ತಾಲೂಕಿನಲ್ಲಿ, ಹಿರೇಬೆಣಕಲ್ ಗುಡ್ಡದ ಬುಡದಲ್ಲಿರುವ ಒಂದು ಹಳ್ಳಿ. ಸೂಟಿ ಬಂದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದೆ. ಮಾವನ ಮನೆಯ ಮಾಳಿಗೆ ಮೇಲೆ ಮಲಗಿದರೆ ಆ ಗುಡ್ಡವೇ ಕಣ್ಣಿಗೆ ಬೀಳುತ್ತಿತ್ತು. ಹತ್ತಿದ್ದು ಮಾತ್ರ ಇಲ್ಲ. ಅಲ್ಲಿ ಕರಡಿ ಇವೆ, ಹೆಣ್ಣುಮಕ್ಕಳು ಹೋಗುವ ಜಾಗವಲ್ಲ ಎನ್ನುತ್ತಿದ್ದರು. ನಮ್ಮ ಶಾಲೆಯ ಪ್ರವಾಸದ ಬಸ್ಸು ಮೈಸೂರಿಗೆ ಹೋಯಿತು, ಜೋಗಕ್ಕೆ ಹೋಯಿತು, ಬೇಲೂರಿಗೆ ಹೋಯಿತು. ಆ ಗುಡ್ಡದ ಬುಡದ ರಸ್ತೆಯಲ್ಲೇ ಎರಡು ಸಲ ಹಾದುಹೋಯಿತು, ನಿಲ್ಲಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಯಲಬುರ್ಗಾ ಸೀಮೆಯ ಎರೆ ನೆಲದಲ್ಲಿ. ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಆ ಮಣ್ಣಿನ ಮೇಲಿನ ಪ್ರೀತಿಯಿಂದಲೇ ಮಣ್ಣಿನ ವಿಜ್ಞಾನ ಆರಿಸಿಕೊಂಡೆ. 2018ರ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ಓದಿಗೆ ಇಂಗ್ಲೆಂಡಿನ ರೆಡಿಂಗ್ ಪಟ್ಟಣಕ್ಕೆ ಹೋದೆ. ವಿದ್ಯಾರ್ಥಿಗಳಿಗೆ ಅಲ್ಲಿ ಒಂದು ರೈಲು ಕಾರ್ಡು ಸಿಗುತ್ತದೆ, ಟಿಕೆಟ್ಟಿನಲ್ಲಿ ಮೂರನೇ ಒಂದು ಪಾಲು ಕಡಿಮೆ. ಆ ಕಾರ್ಡು ಕೈಗೆ ಬಂದ ಮೇಲೆ ನನ್ನ ಶನಿವಾರಗಳೆಲ್ಲ ತಿರುಗಾಟಕ್ಕೆ ಹೋದವು. ಬೆಳಿಗ್ಗೆ ನಾಲ್ಕು ಚಪಾತಿ ಸುತ್ತಿಕೊಂಡು ಹೊರಟರೆ ರಾತ್ರಿ ಬರುವುದು.

ಅವ್ವನಿಗೆ ಹೇಳಿದ ಆ ಕಲ್ಲುಗಳು ಸ್ಟೋನ್‌ಹೆಂಜಿನವು. ಅವನ್ನು ನೋಡಲು ರೆಡಿಂಗಿನಿಂದ ಬೇಸಿಂಗ್‌ಸ್ಟೋಕ್, ಅಲ್ಲಿಂದ ಸಾಲಿಸ್‌ಬರಿ, ಅಲ್ಲಿಂದ ಬಸ್ಸು. ಟಿಕೆಟ್ಟಿನ ರೊಕ್ಕದಲ್ಲಿ ನನ್ನ ನಾಲ್ಕು ದಿನದ ಊಟ ಆಗುತ್ತಿತ್ತು. ಕಲ್ಲುಗಳಿಂದ ಸುಮಾರು ಎರಡು ಕಿಲೋಮೀಟರ್ ದೂರದಲ್ಲೇ ಇಳಿಸಿ, ಅಲ್ಲಿಂದ ಅವರದೇ ಗಾಡಿಯಲ್ಲಿ ಕರೆದೊಯ್ಯುತ್ತಾರೆ. ನಾಲ್ಕೂ ದಿಕ್ಕಿಗೆ ಮರವಿಲ್ಲದ ಬಯಲು, ಹುಲ್ಲು, ಕುರಿ. ನೆಲದ ಅಡಿಗೆ ಸುಣ್ಣದಂಥ ಬಿಳಿ ಚಾಕ್ ಕಲ್ಲು. ಅಂಥ ಬಯಲಿನ ನಡುವೆ ಒಮ್ಮೆಲೇ ಆ ಕಲ್ಲುಗಳು ಕಾಣುತ್ತವೆ. ಸುತ್ತಲಿನ ಮಣ್ಣಿನ ದಿಂಡು ಕ್ರಿಸ್ತಪೂರ್ವ 3000ದ ಹೊತ್ತಿನದು, ದೊಡ್ಡ ಕಲ್ಲು ಎದ್ದದ್ದು ಸುಮಾರು 2500ರಲ್ಲಿ. ಒಂದೊಂದೂ ಸರಾಸರಿ 25 ಟನ್. ಒಳಸಾಲಿನ ಚಿಕ್ಕ ನೀಲಿಗಲ್ಲುಗಳು ಬಂದದ್ದು ವೇಲ್ಸಿನ ಪ್ರೆಸೆಲಿ ಗುಡ್ಡಗಳಿಂದ, ಅಂದರೆ 200 ಕಿಲೋಮೀಟರಿಗೂ ಮಿಕ್ಕ ದಾರಿ. ನಾನು ಊರಿಗೆ ಮರಳಿದ ಮೇಲೆ ಇನ್ನೂ ಎರಡು ಸಂಗತಿ ಗೊತ್ತಾದವು. ದೊಡ್ಡ ಕಲ್ಲುಗಳಲ್ಲಿ ಹೆಚ್ಚಿನವು 25 ಕಿಲೋಮೀಟರ್ ಉತ್ತರದ ಒಂದು ಕಾಡಿನವು ಎಂದು 2020ರಲ್ಲಿ ತಿಳಿಯಿತು. ನಡುವೆ ಮಲಗಿರುವ ಒಂದು ಕಲ್ಲು ದೂರದ ಸ್ಕಾಟ್ಲೆಂಡಿನ ಈಶಾನ್ಯ ಭಾಗದ್ದು ಎಂದು 2024ರಲ್ಲಿ ಪ್ರಕಟವಾಯಿತು.

ಇಷ್ಟೆಲ್ಲ ದೊಡ್ಡದರ ಮುಂದೆ ನಿಂತ ನನ್ನ ಕಣ್ಣು ಹೋಗಿದ್ದು ಒಂದು ಹಗ್ಗದ ಮೇಲೆ. ಮೊಣಕಾಲೆತ್ತರದ ಸಣ್ಣ ಹಗ್ಗ. 1970ರ ದಶಕದ ಕೊನೆಯಿಂದ ಸಾಮಾನ್ಯ ದಿನಗಳಲ್ಲಿ ಅದರಾಚೆ ಜನ ಕಾಲಿಡುವಂತಿಲ್ಲ. ಮುಟ್ಟಿ ಮುಟ್ಟಿ, ಹತ್ತಿ ಇಳಿದು, ಹೆಸರು ಕೆತ್ತಿ ಜನ ಆ ಕಲ್ಲುಗಳನ್ನು ಸವೆಸಿದ್ದರು. ನನಗೆ ಬೇಸರವಾಗಲಿಲ್ಲ, ಅವರು ಮಾಡಿದ್ದು ಸರಿ. 1915ರಲ್ಲಿ ಇದೇ ಸ್ಟೋನ್‌ಹೆಂಜ್ ಹರಾಜಿಗೆ ಬಂದಿತ್ತು, ಹೊಲ ಮಾರಿದ ಹಾಗೆ. ಸೆಸಿಲ್ ಚಬ್ ಎಂಬವನು 6,600 ಪೌಂಡಿಗೆ ಕೊಂಡು, 1918ರಲ್ಲಿ ದೇಶಕ್ಕೇ ಕೊಟ್ಟುಬಿಟ್ಟ. ಸುತ್ತಲ ಊರಿನವರು ಇಂದಿಗೂ ಟಿಕೆಟ್ಟಿಲ್ಲದೆ ಒಳಗೆ ಹೋಗಬಹುದು. ಕಲ್ಲಿನ ಮೇಲೆ ಮೊದಲ ಹಕ್ಕು ಆ ಕಲ್ಲಿನ ನೆರಳಲ್ಲಿ ಬೆಳೆದವರದು ಎಂಬ ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ಮುಂದಿನ ತಿಂಗಳು ಏವ್‌ಬರಿಗೆ ಹೋದೆ. ಸ್ವಿಂಡನ್‌ವರೆಗೆ ರೈಲು, ಅಲ್ಲಿಂದ ಊರ ಬಸ್ಸು. ಅಲ್ಲಿ ಹಗ್ಗವಿಲ್ಲ. ಕಲ್ಲಿನ ಸುತ್ತು ಎಷ್ಟು ದೊಡ್ಡದೆಂದರೆ ಒಂದು ಹಳ್ಳಿಯ ಬಹುಪಾಲು ಅದರೊಳಗೇ ಇದೆ. ಕಲ್ಲಿಗೆ ಕುರಿ ಮೈ ಉಜ್ಜುತ್ತವೆ. ಅಲ್ಲಿನ ಹಿಂದಿನ ಜನ ಈ ಕಲ್ಲುಗಳನ್ನು ಹೊಲಕ್ಕೆ ಅಡ್ಡಿಯೆಂದು, ಮನೆ ಕಟ್ಟಲು ಬೇಕೆಂದು ಒಡೆದು ಹಾಕಿದ್ದರು. ಗುಂಡಿ ತೋಡಿ ಕಲ್ಲು ಕೆಡವುವುದು, ಸುತ್ತ ಹುಲ್ಲಿನ ಬೆಂಕಿ ಹಾಕುವುದು, ಕಾದ ಮೇಲೆ ತಣ್ಣೀರು ಸುರಿದು ಸುತ್ತಿಗೆಯಲ್ಲಿ ಹೊಡೆಯುವುದು. ಇದನ್ನೆಲ್ಲ ಓದುತ್ತಿದ್ದಂತೆ ನಮ್ಮ ಕಡೆಯ ಕಲ್ಲುವಡ್ಡರು ಬಂಡೆಯ ಮೇಲೆ ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದುದು ಕಣ್ಣ ಮುಂದೆ ಬಂತು. 1930ರ ದಶಕದಲ್ಲಿ ಅಲೆಕ್ಸಾಂಡರ್ ಕೀಲರ್ ಎಂಬ ಶ್ರೀಮಂತ ಅಲ್ಲಿನ ಜಮೀನು ಕೊಂಡು, ಹೂತುಹಾಕಿದ್ದ ಕಲ್ಲುಗಳನ್ನು ಹೊರತೆಗೆಸಿ ಮತ್ತೆ ನಿಲ್ಲಿಸಿದ. ಅವನ ಮನೆತನದ ಸಂಪತ್ತು ಬಂದದ್ದು ಕಿತ್ತಳೆ ಹಣ್ಣಿನ ಮಾರ್ಮಲೇಡ್ ವ್ಯಾಪಾರದಿಂದ.

ಆ ದಿನ ಏವ್‌ಬರಿಗೆ ಒಂದು ಶಾಲೆಯ ಮಕ್ಕಳು ಬಂದಿದ್ದರು, ಎಂಟೊಂಬತ್ತು ವರ್ಷದವರು. ಸಣ್ಣ ಮಳೆ. ಎಲ್ಲರ ಕೈಯಲ್ಲೂ ಹಲಗೆ, ಹಾಳೆ, ಪೆನ್ಸಿಲ್. ಅವರ ಅಕ್ಕೋರು ಪಾಠ ಹೇಳಲಿಲ್ಲ. ಒಂದು ಕಲ್ಲಿನ ಸುತ್ತ ಎಲ್ಲರನ್ನೂ ಕೈ ಕೈ ಹಿಡಿಸಿ ನಿಲ್ಲಿಸಿ, "ಎಷ್ಟು ಮಂದಿ ಬೇಕಾಯಿತು?" ಎಂದು ಎಣಿಸಿದರು. ಎತ್ತಬೇಕಾದರೆ ಎಷ್ಟು ಮಂದಿ ಬೇಕು ಎಂದು ಕೇಳಿದರು. ಒಬ್ಬ ಹುಡುಗ ನೂರು ಎಂದ, ಒಬ್ಬಳು ಸಾವಿರ ಎಂದಳು. ಆಮೇಲೆ ಎಲ್ಲರೂ ಹಸಿ ಹುಲ್ಲಿನ ಮೇಲೆ ಕೂತು ಚಿತ್ರ ಬರೆದರು. ನಾನು ದೂರದಲ್ಲಿ ನಿಂತು ಅಳು ನುಂಗಿಕೊಂಡೆ. ನನ್ನ ಶಾಲೆಯ ಬಸ್ಸು ಹಿರೇಬೆಣಕಲ್ಲಿನಲ್ಲಿ ನಿಲ್ಲದೆ ಹೋದದ್ದು ಎಷ್ಟು ದೊಡ್ಡ ನಷ್ಟ ಎಂದು ನನಗೆ ಅರಿವಾದದ್ದು ಆ ಮಳೆಯಲ್ಲಿ.

ಇನ್ನೊಂದು ಜಾಗ ಹೇಳಬೇಕು, ಅದಕ್ಕೆ ರೈಲೂ ಬೇಕಿರಲಿಲ್ಲ. ರೆಡಿಂಗ್ ಪಟ್ಟಣದ ನಡುವೆಯೇ ಒಂದು ಹಾಳುಬಿದ್ದ ಕ್ರೈಸ್ತ ಮಠವಿದೆ. ಒಂದನೇ ಹೆನ್ರಿ ಎಂಬ ರಾಜ 1121ರಲ್ಲಿ ಕಟ್ಟಲು ತೊಡಗಿದ್ದು, ಅವನನ್ನು ಹೂತದ್ದೂ ಅಲ್ಲೇ. 1539ರಲ್ಲಿ ಮಠವನ್ನು ಮುಚ್ಚಿಸಿ, ಅದರ ಕೊನೆಯ ಮಠಾಧಿಪತಿಯನ್ನು ಗಲ್ಲಿಗೇರಿಸಿದರು. ಗೋಡೆಗೆ ಹೊದಿಸಿದ್ದ ಒಳ್ಳೆಯ ಕಲ್ಲುಗಳನ್ನು ಜನ ಕಳಚಿ ಒಯ್ದರು. ಈಗ ಉಳಿದದ್ದು ಗೋಡೆಯ ಒಡಲು ಮಾತ್ರ, ಚಕಮಕಿ ಕಲ್ಲು ಗಾರೆಯಲ್ಲಿ ಕಲಸಿದ ಗುಡ್ಡೆಗಳು. ಪಕ್ಕದಲ್ಲೇ ಲೇಖಕ ಆಸ್ಕರ್ ವೈಲ್ಡ್ ಸೆರೆಯಲ್ಲಿದ್ದ ಜೈಲು. ಬಹಳ ವರ್ಷ ಮುಚ್ಚಿದ್ದ ಆ ಹಾಳು ಮಠವನ್ನು ಭದ್ರಪಡಿಸಿ, ನಾನು ಹೋಗುವುದಕ್ಕೆ ಕೆಲವೇ ತಿಂಗಳು ಮೊದಲು ತೆರೆದಿದ್ದರು. ಆಫೀಸಿನವರು ಅಲ್ಲಿ ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುತ್ತಿದ್ದರು. ನಾನೂ ಬಿಚ್ಚುತ್ತಿದ್ದೆ.

1121 ಎಂಬ ಆ ಇಸವಿ ನನ್ನ ತಲೆಯಲ್ಲಿ ಏನನ್ನೋ ತಟ್ಟುತ್ತಿತ್ತು. ಒಂದು ಸಂಜೆ ಹೊಳೆಯಿತು, ನಮ್ಮ ಇಟಗಿ! ಇಟಗಿಯ ಮಹಾದೇವ ದೇವಾಲಯದ ಇಸವಿ 1112. ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ, ಹೆನ್ರಿ 1100ರಿಂದ 1135ರವರೆಗೆ. ಒಬ್ಬರ ಹೆಸರು ಇನ್ನೊಬ್ಬರು ಕೇಳಿರಲಾರರು. ಇಲ್ಲಿ ಬಳಪದ ಕಲ್ಲಿನ ಮೇಲೆ ಉಳಿ ನಿಂತು ಒಂಬತ್ತು ವರ್ಷಕ್ಕೆ ಅಲ್ಲಿ ಪಾಯ ತೋಡಿದ್ದಾರೆ. ಅಲ್ಲಿಯದು ಗುಡ್ಡೆಯಾಗಿ ಉಳಿದಿದೆ. ಇಲ್ಲಿಯದರಲ್ಲಿ ಕಂಬದ ನುಣುಪು ಇಂದಿಗೂ ಮುಖ ಕಾಣುವಷ್ಟಿದೆ. ಶಾಸನವೇ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ. ಮಹಾದೇವ ದಂಡನಾಯಕ ಅಲ್ಲೇ ತಂದೆಯ ನೆನಪಿಗೆ ಒಂದು, ತಾಯಿಯ ನೆನಪಿಗೆ ಒಂದು ಗುಡಿಯನ್ನೂ ಕಟ್ಟಿಸಿದ.

ನಾನು ಚಿಕ್ಕವಳಿದ್ದಾಗ ಚಕ್ಕಡಿಯಲ್ಲಿ ಇಟಗಿ ಮೇಲೆ ಹಾದುಹೋದದ್ದುಂಟು. ನಮಗೆ ಆ ಗುಡಿ ಎಂದರೆ ಬುತ್ತಿ ಬಿಚ್ಚುವ ಜಾಗ. ಬಿಸಿಲಲ್ಲಿ ಬಂದವರಿಗೆ ಆ ಮಂಟಪದ ತಂಪೇ ದೇವರು. ಕಂಬಗಳ ನಡುವೆ ಕಣ್ಣುಮುಚ್ಚಾಲೆ ಆಡಿದ್ದೇವೆ. ಆ ಕಂಬದಲ್ಲಿ ಏನಿದೆ ಎಂದು ನಿಂತು ನೋಡಲಿಲ್ಲ. ಆದರೆ ರೆಡಿಂಗಿನ ಆ ಬೋಳು ಗೋಡೆಯ ಕೆಳಗೆ ಚಪಾತಿ ತಿನ್ನುವಾಗ ನನ್ನ ಬೆನ್ನಿಗೆ ನೆನಪಾದದ್ದು ಇಟಗಿಯ ಕಂಬದ ತಂಪು. ಮಕ್ಕಳು ಆಡಿದ್ದು, ಒರಗಿದ್ದು, ಉಂಡದ್ದು ವ್ಯರ್ಥವಲ್ಲ. ಆ ನಂಟು ಇದ್ದದ್ದಕ್ಕೇ ಇಸವಿ ಕೇಳಿದಾಗ ತಲೆಯಲ್ಲಿ ಗಂಟೆ ಬಾರಿಸಿತು.

ಕೊಪ್ಪಳದವರಿಗೆ ಇನ್ನೊಂದು ಮಾತು. ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತೇವೆ, ಅಜ್ಜನ ತೇರಿಗೆ ಉತ್ತತ್ತಿ ಎಸೆಯುತ್ತೇವೆ. ಅದೇ ಗುಡ್ಡದ ಮೇಲೆ ಚಾಚಿದ ಬಂಡೆಯ ಕೆಳಗೆ ಅಶೋಕನ ಶಾಸನವಿದೆ, ಪಾಲ್ಕಿಗುಂಡು ಎಂಬ ಬೆಟ್ಟದಲ್ಲಿ ಅದರದೇ ಇನ್ನೊಂದು ಪ್ರತಿ, ಹೆಚ್ಚಾಗಿ ಅಳಿಸಿದ್ದು. ಇವನ್ನು 1931ರಲ್ಲಿ ಗುರುತಿಸಿದವರು ಕೊಪ್ಪಳದವರೇ ಆದ ಎನ್. ಬಿ. ಶಾಸ್ತ್ರಿಗಳು. ಓದಿ 1932ರಲ್ಲಿ ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದವರು ಲಂಡನ್ನಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ರಾಲ್ಫ್ ಟರ್ನರ್. ಆ ತೆಳ್ಳಗಿನ ಪುಸ್ತಕವನ್ನು ನಾನು ಲಂಡನ್ನಿನ ಒಂದು ಗ್ರಂಥಾಲಯದಲ್ಲಿ ತೆಗೆಸಿ ನೋಡಿದೆ. ಗವಿಮಠ, ಪಾಲ್ಕಿಗುಂಡು ಎಂಬ ನಮ್ಮ ಓಣಿಯ ಹೆಸರುಗಳು ಇಂಗ್ಲಿಷ್ ಅಚ್ಚಿನಲ್ಲಿ! ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಶ್ರಮಪಟ್ಟರೆ ಸ್ವರ್ಗ ಪಡೆಯಬಹುದು ಎಂಬರ್ಥದ ಮಾತು ಆ ಶಾಸನದಲ್ಲಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ಗುಡ್ಡದ ಜನಕ್ಕೆಂದು ಕಡೆಸಿದ ಮಾತು. ಪಾಲ್ಕಿಗುಂಡಿನಲ್ಲೇ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಎಂಬವನು ಮಾಡಿಸಿದ ಬಗ್ಗೆ ಕನ್ನಡದಲ್ಲಿ ಬರೆದಿದೆ. ಕವಿರಾಜಮಾರ್ಗ ಹೆಸರಿಸುವ ಕೊಪಣನಗರ ನಮ್ಮ ಈ ಕೊಪ್ಪಳವೇ.

ನಾನು ಇಂಗ್ಲೆಂಡಿಗೆ ಹೋಗಿ ಕಲ್ಲು ನೋಡುವ ನೂರೈವತ್ತಕ್ಕೂ ಹೆಚ್ಚು ವರ್ಷ ಮೊದಲು ಇಂಗ್ಲೆಂಡಿನವನೊಬ್ಬ ಇಲ್ಲಿ ಬಂದು ಕಲ್ಲು ನೋಡಿದ್ದ. ಮೆಡೋಸ್ ಟೇಲರ್, ಲಿವರ್‌ಪೂಲಿನಲ್ಲಿ ಹುಟ್ಟಿದವನು. ಸುರಪುರ ಸಂಸ್ಥಾನದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಇದ್ದ. ನಮ್ಮ ಸೀಮೆಯ ಕಲ್ಲುಮನೆಗಳನ್ನು, ಅವ್ವ ಹೇಳಿದ ಮೋರೇರ ಮನೆಯಂಥವನ್ನು, ಅಳೆದ, ಅಗೆಸಿದ, ಚಿತ್ರ ಬರೆದ. ನೋಡಿದವನಿಗೆ ತನ್ನ ನಾಡಿನ ಕಲ್ಲುಗಳು ನೆನಪಾದವು, ಎರಡನ್ನೂ ಕಟ್ಟಿದವರು ಒಂದೇ ಮೂಲದ ಜನವಿರಬೇಕು ಎಂದು ಬರೆದ. ಅದು ತಪ್ಪು. ಸ್ಟೋನ್‌ಹೆಂಜಿಗೂ ನಮ್ಮ ಕಬ್ಬಿಣಯುಗದ ಕಲ್ಲುಮನೆಗಳಿಗೂ ನಡುವೆ ಎರಡು ಸಾವಿರ ವರ್ಷದ ಹತ್ತಿರದ ಅಂತರವಿದೆ. ಆದರೂ ಅವನ ಮೇಲೆ ನನಗೆ ಅಕ್ಕರೆ. ಪರದೇಶದ ಕಲ್ಲಿನ ಮುಂದೆ ನಿಂತಾಗ ಮನಸ್ಸು ಊರಿಗೆ ಓಡುವುದು ಹೇಗೆಂದು ನನಗೂ ಗೊತ್ತು. ನಮ್ಮ ಕಾಲದಲ್ಲೂ ಹೀಗೆ ಬಂದವರಿದ್ದಾರೆ. ಆನೆಗೊಂದಿ ಹತ್ತಿರದ ಕಡೇಬಾಕಲೆಯಲ್ಲಿ 2003ರಿಂದ ಅಮೆರಿಕದ ಮಿಷಿಗನ್, ಷಿಕಾಗೋ ವಿಶ್ವವಿದ್ಯಾಲಯಗಳವರು ನಮ್ಮ ರಾಜ್ಯದ ಪುರಾತತ್ವ ಇಲಾಖೆಯೊಂದಿಗೆ ಸೇರಿ ಉತ್ಖನನ ಮಾಡಿದರು. ಅವರಿಗೆ ಗಂಗಾವತಿಯೇ ಪರದೇಶ.

ಊರಿಗೆ ಬಂದ ಮೇಲೆ ನಾನು ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ವಿದ್ಯಾರ್ಥಿಗಳನ್ನು ಹಿರೇಬೆಣಕಲ್ ಗುಡ್ಡಕ್ಕೆ ಕರೆದೊಯ್ಯುತ್ತೇನೆ, ಹೆಚ್ಚಿನವರು ಕುಷ್ಟಗಿ, ಕನಕಗಿರಿ ಕಡೆಯ ಹಳ್ಳಿಗಳಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯರು. ಹಲಗೆ, ಹಾಳೆ, ಪೆನ್ಸಿಲ್ ಕಡ್ಡಾಯ. ಮೊದಲು ಚಿತ್ರ, ಆಮೇಲೆ ಮೊಬೈಲು. 2021ರಲ್ಲಿ ಈ ಜಾಗ ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಸೇರಿದೆ. ಅಲ್ಲಿ ನಿಧಿಯಾಸೆಗೆ ಅಗೆದ ಗುಂಡಿಗಳನ್ನೂ, ಕೆಡವಿದ ಚಪ್ಪಡಿಗಳನ್ನೂ ನಾನು ಹುಡುಗಿಯರಿಗೆ ತೋರಿಸುತ್ತೇನೆ. ಆ ಕಲ್ಲುಮನೆಗಳು ಮೂಳೆ, ಮಡಕೆ, ಕಬ್ಬಿಣ ಇಟ್ಟ ಕಾಲದವು, ಅಲ್ಲಿ ಕೊಪ್ಪರಿಗೆ ಬಂಗಾರ ಇಲ್ಲ ಎಂದು ಊರೂರಲ್ಲಿ ಹೇಳಿರಿ ಎನ್ನುತ್ತೇನೆ. ಕೇಳುಗರೇ, ನಿಮಗೂ ಅದನ್ನೇ ಹೇಳುತ್ತಿದ್ದೇನೆ.

ಆದರೆ ನನಗೆ ಆ ಗುಡ್ಡ ತೋರಿಸಿದವಳು ಅವ್ವ. 2020ರ ಜನವರಿ. ಅವ್ವನಿಗೆ ಅರವತ್ತರ ಹತ್ತಿರ. ನಾನು, ಅವ್ವ, ಸೋದರಮಾವ ಮೂವರೂ ಚುಮುಚುಮು ಬೆಳಕಿಗೆ ಹೊರಟೆವು. ಹತ್ತಲು ಒಂದು ತಾಸಿಗಿಂತ ಹೆಚ್ಚು ಬೇಕು. ಜಾಲಿ, ಕಾರೆಕಂಟಿ, ಬಂಡೆಯಿಂದ ಬಂಡೆಗೆ ಕಾಲು. ಮಾವ ಮುಂದೆ ಕೋಲು ಬಡಿಯುತ್ತ ನಡೆದರೆ ಅವ್ವ ನನ್ನ ಹಿಂದೆ, "ಸಾವಕಾಶ ಯವ್ವಾ, ಬಂಡಿ ಜಾರತೈತಿ" ಎನ್ನುತ್ತ. ಹುಡುಗಿಯಾಗಿದ್ದಾಗ ಕಟ್ಟಿಗೆಗೆಂದು ಅಣ್ಣನ ಜೊತೆ ಎಷ್ಟೋ ಸಲ ಬಂದಿದ್ದಳಂತೆ. ಮೈಯೆಲ್ಲ ಆ ದಾರಿ ನೆನಪಿಟ್ಟುಕೊಂಡಿತ್ತು.

ಮೇಲೆ ಬಂದು ನೋಡಿದರೆ ಒಂದು ಊರು! ಬೀದಿ ಬೀದಿಯಾಗಿ ಕಲ್ಲುಮನೆಗಳು. ಒಟ್ಟು ಸುಮಾರು 400 ಎನ್ನುತ್ತಾರೆ. ಕೆಲವು ಮೊಣಕಾಲೆತ್ತರ, ಕೆಲವು ನನಗಿಂತ ಒಂದೂವರೆ ಪಾಲು ಎತ್ತರ. ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ್ದು, ಕೆಲವಕ್ಕೆ ನಾಲ್ಕನೆಯ ಗೋಡೆಯೂ ಇದ್ದು ಅದರಲ್ಲಿ ಗುಂಡನೆಯ ಕಿಂಡಿ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಬಿಸಿಲಿಗೆ ಕಾದು ಆರಿ ಪದರು ಪದರಾಗಿ ಏಳುವ ಆ ಗುಣವನ್ನು ಕಟ್ಟಿದವರು ಚೆನ್ನಾಗಿ ಬಲ್ಲವರಾಗಿದ್ದರು. ಕಲ್ಲು ಎಬ್ಬಿಸಿದ ಜಾಗದಲ್ಲಿ ಒಂದು ಹೊಂಡ, ಜನವರಿಯಲ್ಲೂ ನೀರು. ನನ್ನ ಓದು ಮಣ್ಣು ನೀರಿನದಲ್ಲವೇ, ನಾನು ಆ ಹೊಂಡದ ದಂಡೆ ಬಿಟ್ಟು ಏಳಲಿಲ್ಲ. ಸತ್ತವರ ಮನೆಗೆ ಕಲ್ಲು, ಬದುಕಿದವರ ದನಕರುಗಳಿಗೆ ನೀರು, ಎರಡನ್ನೂ ಒಂದೇ ಬಂಡೆಯಲ್ಲಿ ಕಂಡುಕೊಂಡ ಜನ!

ಮಾವ ಒಂದು ಎತ್ತರದ ಬಂಡೆ ಹತ್ತಿದ. ಅದರ ಮೇಲೆ ಅರೆಗೋಳದಂಥ ದೊಡ್ಡ ಗುಂಡು. ಕೈಯಲ್ಲಿನ ಕಲ್ಲಿನಿಂದ ಒಂದೇ ಒಂದು ಏಟು ಹೊಡೆದ. ಢಂ ಎಂದದ್ದು ಎದುರಿನ ಗುಡ್ಡಕ್ಕೆ ತಾಗಿ ತಿರುಗಿ ಬಂತು. ಕಲ್ಲಿನ ನಗಾರಿ. ಕೆಳಗೆ ಊರಿನ ತನಕ ಕೇಳಿಸುತ್ತದೆ ಎಂದ. ಇನ್ನೊಮ್ಮೆ ಹೊಡೆಯಲು ನಾನು ಕೇಳಲಿಲ್ಲ, ಹಗ್ಗ ನೆನಪಾಯಿತು.

ಒಂದು ಕಲ್ಲುಮನೆಯ ನೆರಳಿನಲ್ಲಿ ಅವ್ವ ಬುತ್ತಿ ಬಿಚ್ಚಿದಳು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ನಮಗೆ ಕೊಡುವ ಮೊದಲು ರೊಟ್ಟಿಯ ಒಂದು ಚೂರು ಮುರಿದು, ಚಟ್ನಿ ಸವರಿ, ಆ ಗುಂಡು ಕಿಂಡಿಯ ಮುಂದೆ ಇಟ್ಟಳು. ನಾನು ಕೇಳಿದೆ, "ಯಾವ ದೇವ್ರವ್ವಾ?"

"ದೇವ್ರಲ್ಲ ಬಿಡ. ಹಿರ್ಯಾರು" ಎಂದು ರೊಟ್ಟಿ ನನ್ನ ಕೈಗೆ ಕೊಟ್ಟಳು.